ಗಂಗೆಗೆ ತೂಕವಿಲ್ಲ

ಬಸವನಗುಡಿ, ಬೆಂಗಳೂರು
6 ನವೆಂಬರ್ 2023

ಯಮುನಾ,

ಎಪ್ಪತ್ತು ದಾಟಿದ ಮೇಲೆ ನಿನ್ನ ಅಣ್ಣನಿಗೆ ಬುದ್ಧಿ ಬಂದಿದೆಯೋ, ಇದ್ದದ್ದೂ ಕೆಟ್ಟಿದೆಯೋ, ಈ ಕಾಗದ ಓದಿ ನೀನೇ ತೀರ್ಮಾನ ಮಾಡು. ಒಂದು ಕ್ಯಾರವಾನ್ ಕೊಂಡಿದ್ದೇನೆ. ಗಾಂಧಿನಗರದಲ್ಲಿ ಸಿನಿಮಾ ಕಂಪನಿಯೊಂದು ಬಾಗಿಲು ಹಾಕಿತು. ಅವರ ಹೀರೋ ಬಟ್ಟೆ ಬದಲಾಯಿಸಲು, ಬಣ್ಣ ಹಚ್ಚಿಕೊಳ್ಳಲು, ನಡುನಡುವೆ ನಿದ್ದೆ ಮಾಡಲು ಇಟ್ಟುಕೊಂಡಿದ್ದ ಗಾಡಿ ಇದು. ಇದಕ್ಕೆ ಇಂಜಿನ್ ಇಲ್ಲ, ಜೀಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯಬೇಕು. ಜೀಪು ನಮ್ಮ ಅಭಿರಾಮನದು. ಮಗನಾಗಿ ಹುಟ್ಟಿದ್ದಕ್ಕೆ ಡ್ರೈವರೂ ಅವನೇ.

ಇದೆಲ್ಲ ಯಾಕೆ ಎಂದರೆ ಕಾಶಿಗೆ. ಹೋದ ವರ್ಷ ರಾಮೇಶ್ವರದಿಂದ ತಂದ ಸೇತುವಿನ ಮರಳು ದೇವರ ಮನೆಯಲ್ಲೇ ಕೂತಿದೆ. ಅದನ್ನು ಪ್ರಯಾಗದಲ್ಲಿ ಬಿಟ್ಟು, ಕಾಶಿಯ ಗಂಗೆ ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿದರೆ ತಾನೇ ಯಾತ್ರೆ ಪೂರ್ತಿ? ಆದರೆ ನಿನ್ನ ಅತ್ತಿಗೆಯ ಮಡಿ ನಿನಗೆ ಗೊತ್ತು. ರಾಮೇಶ್ವರಕ್ಕೆ ರೈಲಿನಲ್ಲಿ ಹೋಗಿಬರುವಾಗ ಸುಂದರಮ್ಮ ಬರೀ ಬಾಳೆಹಣ್ಣಿನಲ್ಲೇ ಇದ್ದಳು. ಹೋಟೆಲಿನ ನೀರು ಆಗದು. ಅಭಿಯ ಜೀಪಿನ ಸೀಟು ಚರ್ಮದ್ದೆಂದು ಅದಕ್ಕೂ ಹತ್ತಳು. ಈಗ ಅಡುಗೆಮನೆಯನ್ನೇ ಗಾಲಿ ಮೇಲೆ ಹಾಕಿಕೊಂಡು ಹೋದರಾಯಿತು.

ಪುಣ್ಯಾಹಕ್ಕೆ ಬಂದ ಪುರೋಹಿತರು ಕನ್ನಡಿಯ ಸುತ್ತಲಿನ ಬಲ್ಬುಗಳನ್ನು ನೋಡಿ, “ಇಲ್ಲಿ ಯಾರ್ಯಾರು ಕೂತಿದ್ರೋ ಏನೋ ಶೀನಣ್ಣ, ಇನ್ನೊಂದ್ಸಲ ಪ್ರೋಕ್ಷಣೆ ಮಾಡ್ಬಿಡೋಣ” ಎಂದರು. ಈಗ ಆ ಕನ್ನಡಿಯ ಜಾಗದಲ್ಲಿ ದೇವರ ಪೆಟ್ಟಿಗೆ ಇದೆ.

ಫೋನಿನಲ್ಲಿ ಹೇಳಿದರೆ ನಿನ್ನ ಕಿವಿಗೆ ಬೀಳದು, ಮೊಬೈಲಿನ ಅಕ್ಷರ ನಿನ್ನ ಕಣ್ಣಿಗೆ ಹಿಡಿಯದು. ಅದಕ್ಕೇ ಕಾಗದ. ಗಾಡಿ ತೂಕದ ವಿಷಯ ನಿನಗಿಂತ ಬಲ್ಲವರು ನಮ್ಮ ವಂಶದಲ್ಲಿಲ್ಲ. ಸಂಕ್ರಾಂತಿ ಮುಗಿಸಿ ಹೊರಡುತ್ತೇವೆ, ಜಬಲ್ಪುರ ದಾರಿಯಲ್ಲೇ ಸಿಗುತ್ತದೆ. ಏನು ಮಾಡಬೇಕು ಹೇಳು. ಬೈಯುವುದಿದ್ದರೆ ಅದನ್ನೂ ಸೇರಿಸಿ ಬರೆ.

ಶೀನಣ್ಣ

ಜಬಲ್ಪುರ
15 ನವೆಂಬರ್ 2023

ಅಣ್ಣಾ,

ಕೊಂಡ ಮೇಲೆ ಕೇಳುತ್ತೀಯ. ತಾಳಿ ಕಟ್ಟಿಸಿ ಆಮೇಲೆ ಜಾತಕ ತೋರಿಸಿದ ಹಾಗಾಯಿತು.

ಇಲ್ಲಿನ ಸೇನೆಯ ಕಾರ್ಖಾನೆಯಲ್ಲಿ ಫಿರಂಗಿ ಹೊರುವ ಎಳೆಗಾಡಿಗಳನ್ನು ತೂಗಿ ತೂಗಿಯೇ ನನ್ನ ಕೂದಲು ಬೆಳ್ಳಗಾದದ್ದು, ಆ ಸದ್ದಿಗೇ ಕಿವಿ ಹೋದದ್ದು. ಆದ್ದರಿಂದ ತಮಾಷೆ ಬಿಟ್ಟು ಓದು. ಕ್ಯಾರವಾನಿನ ಬಾಗಿಲ ಬಳಿ ಒಂದು ತಗಡಿನ ಪಟ್ಟಿ ಇರುತ್ತದೆ. ತುಂಬಿದ ಮೇಲೆ ಒಟ್ಟು ಎಷ್ಟು ತೂಗಬಹುದು ಎಂದು ಅದರಲ್ಲಿ ಕೆತ್ತಿರುತ್ತಾರೆ. ಜೀಪು ಎಷ್ಟು ಎಳೆಯಬಲ್ಲದು ಎಂಬುದು ಜೀಪಿನ ಪುಸ್ತಕದಲ್ಲಿದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿನ್ನ ಲಕ್ಷ್ಮಣರೇಖೆ. ಅದನ್ನು ದಾಟಿ ಏನಾದರೂ ಆದರೆ ಪೊಲೀಸರ ಕೇಸು ಒಂದು ಕಡೆ, ವಿಮೆಯವನು ತಿರುಗಿಯೂ ನೋಡುವುದಿಲ್ಲ.

ತರಗುಪೇಟೆಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇದೆಯಲ್ಲ, ಅಲ್ಲಿಗೆ ತೆಗೆದುಕೊಂಡು ಹೋಗು. ಹೊರಡುವ ದಿನ ಏನೇನು ಇರುತ್ತದೋ ಅದೆಲ್ಲವನ್ನೂ ತುಂಬಿಕೊಂಡು ಹೋಗು. ಖಾಲಿ ಗಾಡಿ ತೂಗಿಸುವುದು ಊಟಕ್ಕೆ ಮುಂಚೆ ಹೊಟ್ಟೆ ಅಳೆದ ಹಾಗೆ.

ಭಾರದ್ದೆಲ್ಲ ಕೆಳಗೆ, ಗಾಲಿಯ ನೇರಕ್ಕೆ, ತುಸು ಮುಂದಕ್ಕೆ ಇರಲಿ. ಕೊಕ್ಕೆಯ ಮೇಲೆ ಸ್ವಲ್ಪ ಭಾರ ಬೀಳಲೇಬೇಕು. ಮೂತಿ ಎತ್ತುವಾಗ ಇಬ್ಬರಿಗೆ ಏದುಸಿರು ಬಂದರೆ ಸರಿಯಾಗಿದೆ ಎಂದು ತಿಳಿ. ಹಿಂದೆ ಭಾರ ಬಿದ್ದರೆ ಗಾಡಿ ಬಾಲ ಬೀಸುತ್ತದೆ. ಇಳಿಜಾರಿನಲ್ಲಿ ಬೀಸಲು ಶುರುವಾದರೆ ಎಳೆಯುವ ಜೀಪನ್ನೇ ತಿರುವಿ ಒಗೆಯುತ್ತದೆ. ಕಣ್ಣಾರೆ ಕಂಡಿದ್ದೇನೆ, ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಇನ್ನೊಂದು ಮಾತು. ಓಡುವಾಗ ಒಳಗೆ ನರಪಿಳ್ಳೆ ಇರಕೂಡದು. ಕಾನೂನೂ ಒಪ್ಪುವುದಿಲ್ಲ, ಯಮನೂ ಬಿಡುವುದಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು.

ಯಮುನಾ

ಬಸವನಗುಡಿ
27 ನವೆಂಬರ್ 2023

ಯಮುನಾ,

ಅಪ್ಪಣೆಯಾದಂತೆ ತರಗುಪೇಟೆಗೆ ಹೋಗಿಬಂದೆವು. ಬೇಳೆ ಮೂಟೆಯ ಲಾರಿಗಳ ನಡುವೆ ನಮ್ಮ ಬಿಳೀ ಗಾಡಿ ನಿಂತಿದ್ದನ್ನು ನೋಡಿ ಹಮಾಲರೆಲ್ಲ ಸುತ್ತ ಸೇರಿದರು. “ಸಾರ್, ಒಳಗಡೆ ಹೀರೋ ಇದಾರಾ?” ಎಂದು ಒಬ್ಬ ಕೇಳಿದ. ನಾನೇ ಇಳಿದು ನಿಂತೆ, ಅವನ ಮುಖ ಸಪ್ಪಗಾಯಿತು.

ಪಟ್ಟಿಯ ಮೇಲಿರುವುದು ಸಾವಿರದ ಇನ್ನೂರು ಕಿಲೋ. ನಮ್ಮದು ತೂಗಿದ್ದು ಒಂಬೈನೂರ ನಲವತ್ತು. ಜೀಪಿನ ಪುಸ್ತಕದ ಲೆಕ್ಕ ಅದಕ್ಕೂ ಮೇಲಿದೆ. ಈಗ ಸಮಾಧಾನವೇ?

ಪಾತ್ರೆ, ಒರಳು, ನೀರಿನ ಕೊಡಗಳನ್ನು ಮಾತ್ರ ಒಯ್ಯಲಾಗಲಿಲ್ಲ. “ಮೆಣಸಿನಕಾಯಿ ಘಾಟು, ಬೆಳ್ಳುಳ್ಳಿ ಮೂಟೆ ಮಧ್ಯೆ ನನ್ನ ಮಡಿ ಪಾತ್ರೆ ತಗೊಂಡ್ಹೋಗ್ತೀರಾ? ಆಮೇಲೆ ನಾನು ಯಾವುದ್ರಲ್ಲಿ ಅನ್ನ ಮಾಡ್ಲಿ?” ಎಂದು ಸುಂದರಮ್ಮ ಬಾಗಿಲಿಗೆ ಅಡ್ಡ ನಿಂತಳು. ಇರಲಿ ಬಿಡು, ಒಂದು ಸಂಸಾರದ ಪಾತ್ರೆ ಎಷ್ಟು ತೂಗೀತು?

ಸುದ್ದಿ ಬೀದಿಯೆಲ್ಲ ಹಬ್ಬಿದೆ. ದೇವಸ್ಥಾನದ ಕಮಿಟಿಯ ರುದ್ರೇಶ್ ದಿನಾ ಬೆಳಿಗ್ಗೆ ಬಂದು ಗಾಡಿಯನ್ನು ಒಂದು ಸುತ್ತು ನೋಡಿ ಹೋಗುತ್ತಾನೆ. ಎದುರು ಮನೆಯ ಗುರುಬಸಮ್ಮನವರು ನಮಗಿಂತ ಹೆಚ್ಚು ಸಡಗರದಲ್ಲಿದ್ದಾರೆ. ಬಹಳ ದಿನದ ಮೇಲೆ ಜನ ನನ್ನನ್ನು ತಡೆದು ನಿಲ್ಲಿಸಿ ಮಾತಾಡಿಸುತ್ತಿದ್ದಾರೆ ಯಮುನಾ. ನಿಜ ಹೇಳಬೇಕೆಂದರೆ ಖುಷಿಯಾಗುತ್ತಿದೆ.

ಶೀನಣ್ಣ

ಜಬಲ್ಪುರ
6 ಡಿಸೆಂಬರ್ 2023

ಅಣ್ಣಾ,

ಮಡಿ ಪಾತ್ರೆಗೂ ತೂಕ ಇರುತ್ತದೆ. ಕಲ್ಲಿನ ಒರಳಿಗಂತೂ ಇದ್ದೇ ಇರುತ್ತದೆ. ಆಗಲಿ, ಬರುವಾಗ ನಮ್ಮಲ್ಲಿ ನಿಲ್ಲಿಸು, ನಾನೇ ಎದುರು ನಿಂತು ತೂಗಿಸುತ್ತೇನೆ.

ನಾನು ಬರೆದದ್ದರಲ್ಲಿ ಒಂದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಜೀಪಿನ ಚರ್ಮದ ಸೀಟಿಗೆ ಅತ್ತಿಗೆ ಹತ್ತುವುದಿಲ್ಲ ಎಂದೆ. ಹಾಗಾದರೆ ಅವರು ಎಲ್ಲಿ ಕೂರುತ್ತಾರೆ?

ಯಮುನಾ

ಜಬಲ್ಪುರ
23 ಜನವರಿ 2024

ಅಣ್ಣಾ,

ನೀವು ಕಾಶಿಯ ಛತ್ರ ಸೇರುವಷ್ಟರಲ್ಲಿ ಈ ಕಾಗದ ಅಲ್ಲಿರಬೇಕೆಂದು ಇವತ್ತೇ ಬರೆಯುತ್ತಿದ್ದೇನೆ. ನೀವು ಇಲ್ಲಿದ್ದ ಎರಡು ದಿನ ನಾನು ಬಾಯಿ ಬಿಡಲಿಲ್ಲ. ಅಷ್ಟು ವರ್ಷಗಳ ಮೇಲೆ ನನ್ನ ಹೊಸಿಲು ತುಳಿದಿದ್ದೀರಿ, ಜಗಳವಾಗುವುದು ಬೇಡ ಎಂದುಕೊಂಡೆ. ಈಗ ಅನ್ನಿಸುತ್ತಿದೆ, ಆಗಿದ್ದರೇ ಚೆನ್ನಾಗಿತ್ತು.

ಇಲ್ಲಿಯ ತೂಕದಲ್ಲಿ ಸಾವಿರದ ನೂರ ಎಪ್ಪತ್ತು ಬಂತು. ನಿನ್ನ ರೇಖೆಗೂ ಅದಕ್ಕೂ ಮಧ್ಯೆ ಬರೀ ಮೂವತ್ತು ಕಿಲೋ. ಒರಳು, ಕೊಡಗಳನ್ನೆಲ್ಲ ನಾನು ಗಾಲಿಯ ನೇರಕ್ಕೆ ಇಡಿಸಿದೆ. ಮುಟ್ಟಿದ್ದಕ್ಕೆ ಅತ್ತಿಗೆ ಎಲ್ಲವನ್ನೂ ಮತ್ತೆ ತೊಳೆದರು, ನನ್ನ ಮುಖ ನೋಡಲಿಲ್ಲ. ಅದು ನನಗೇನೂ ಹೊಸದಲ್ಲ.

ಆದರೆ ಅಣ್ಣಾ, ಒಳಗಿನ ಹಿಂದಿನ ಮಂಚದ ಮೇಲೆ ದರ್ಭೆ ಚಾಪೆ ಹಾಸಿತ್ತು. ಪಕ್ಕದಲ್ಲಿ ಜಪಮಣಿ. ಮಂಚಕ್ಕೆ ಒಂದು ಹಳೆಯ ಸೀರೆ ಕಟ್ಟಿತ್ತು, ಗಾಡಿ ಕುಲುಕಿದಾಗ ಹಿಡಿದುಕೊಳ್ಳಲು. ನಾನು ಕಿವುಡಿಯೇ ಹೊರತು ಕುರುಡಿಯಲ್ಲ. ಬೆಂಗಳೂರಿನಿಂದ ಇಲ್ಲಿಯವರೆಗೆ ಅತ್ತಿಗೆಯನ್ನು ಅದರೊಳಗೆ ಕೂರಿಸಿಕೊಂಡು ಬಂದಿದ್ದೀಯ. ಅದು ಪೆಟ್ಟಿಗೆ ಅಣ್ಣಾ, ಪ್ಲೈವುಡ್ಡಿನ ಪೆಟ್ಟಿಗೆ. ಮಗುಚಿದರೆ ಒಳಗಿದ್ದವರು ಉಳಿಯುವುದಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಅತ್ತಿಗೆಯನ್ನು ಇನ್ನು ಅದರಲ್ಲಿ ಕೂರಿಸಬೇಡ. ಸೀಟಿನ ಮೇಲೆ ಏನಾದರೂ ಹಾಸಿ ಜೀಪಿನಲ್ಲೇ ಕರೆದುಕೊಂಡು ಬಾ.

ಒಂದು ಸಮಾಧಾನವೆಂದರೆ ಪ್ರಯಾಗದಲ್ಲಿ ಮರಳು ಇಳಿಯುತ್ತದೆ. ದಿನಸಿಯೂ ಕರಗಿರುತ್ತದೆ. ವಾಪಸು ಬರುವಾಗ ಗಾಡಿ ಹಗುರಾಗಿರುತ್ತದೆ. ಆದರೂ ಮನೆಗೆ ಬಂದೇ ಮುಂದೆ ಹೋಗಿ, ಇಲ್ಲಿಂದ ಮುಂದೆ ಸಿವನಿಯ ಆಚೆ ಇಳಿಜಾರಿದೆ.

ನನಗೂ ಒಂದು ಥಾಲಿ ಗಂಗೆ ತಾ, ಬಾಯಿಗೆ ಬೆಸುಗೆ ಹಾಕಿ ಕೊಡುತ್ತಾರಲ್ಲ, ಆ ಪುಟ್ಟ ತಾಮ್ರದ ಚೊಂಬು. ಕೊನೆಗಾಲಕ್ಕೆ ಮನೆಯಲ್ಲಿರಲಿ.

ಯಮುನಾ

ಕಾಶಿ
29 ಜನವರಿ 2024

ಯಮುನಾ,

ನಿನ್ನ ಕಾಗದ ಛತ್ರದಲ್ಲಿ ಸಿಕ್ಕಿತು. ಕಳ್ಳನನ್ನು ಕೈಯಾರೆ ಹಿಡಿದೆ, ಒಪ್ಪಿಕೊಂಡೆ. ನೀನು ಬೈಯುತ್ತೀಯ ಎಂದೇ ಬಾಯಿ ಮುಚ್ಚಿಕೊಂಡಿದ್ದೆ. ಸುಂದರಮ್ಮನಿಗೆ ಓದಿ ಹೇಳಿದ್ದೇನೆ, ಮುಖ ಊದಿಸಿಕೊಂಡಿದ್ದಾಳೆ. ಏನಾದರೂ ಮಾಡೋಣ.

ತ್ರಿವೇಣಿಯಲ್ಲಿ ಮರಳು ಬಿಟ್ಟೆವು. ಬಿಡುವಾಗ ನಿನ್ನ ಅತ್ತಿಗೆ ಅತ್ತಳು, ನಾನೂ ಅತ್ತೆ. ನನ್ನ ಫೋನೂ ದೋಣಿಯಿಂದ ಜಾರಿ ತ್ರಿವೇಣಿಯ ಪಾಲಾಯಿತು. ಆ ಪುಣ್ಯ ಯಾರಿಗೆ ಸಲ್ಲುತ್ತದೋ ಗೊತ್ತಿಲ್ಲ.

ಈಗ ನಿನಗೆ ಬೇಸರವಾಗುವ ಮಾತು. ಹಿಂದಿರುಗುವಾಗ ನಿನ್ನ ಮನೆಗೆ ಬರುವ ಹಾಗಿಲ್ಲ. ಗಂಗೆ ಹಿಡಿದು ಹೊರಟವರು ನಡುವೆ ಯಾರ ಹೊಸಿಲೂ ತುಳಿಯದೆ ನೇರ ತಮ್ಮ ಮನೆಗೇ ಹೋಗಬೇಕು ಎನ್ನುತ್ತಾಳೆ ಸುಂದರಮ್ಮ. ನಮ್ಮ ಅಮ್ಮನೂ ಹಾಗೇ ಹೇಳುತ್ತಿದ್ದಳಲ್ಲ. ನಿನ್ನ ಥಾಲಿಯನ್ನು ಬೆಂಗಳೂರಿನಿಂದ ಕಳಿಸುತ್ತೇನೆ.

ಗಂಗೆ ಎಂದೆನಲ್ಲ, ಒಂದೆರಡು ಥಾಲಿ ಎಂದುಕೊಂಡೆಯಾ? ಇಡೀ ಬಸವನಗುಡಿಯೇ ಚೀಟಿ ಕೊಟ್ಟು ಕಳಿಸಿದೆ. ಬೆಸುಗೆ ಹಾಕಿದ ತಾಮ್ರದ ಥಾಲಿಗಳೇ ನೂರಕ್ಕೆ ಮೇಲಾಗಿವೆ. ರುದ್ರೇಶನ ಕಮಿಟಿಗೆ ಶಿವರಾತ್ರಿಯ ಅಭಿಷೇಕಕ್ಕೆಂದು ಹನ್ನೆರಡು ಕ್ಯಾನು ತುಂಬಿಸಿದೆ, ಹೋಟೆಲುಗಳಲ್ಲಿ ಎಣ್ಣೆ ಇಡುತ್ತಾರಲ್ಲ, ಅಂಥವು. ಗಂಗೆಯನ್ನು ನೆಲಕ್ಕೆ ತಾಗಿಸಬಾರದು. ಬಚ್ಚಲು ಮುಂದುಗಡೆ ಇರುವುದರಿಂದ ಅದರ ಹತ್ತಿರವೂ ಇಡುವಂತಿಲ್ಲ. ಹಾಗಾಗಿ ಕ್ಯಾನುಗಳು ಹಿಂದಿನ ಮಂಚದ ಮೇಲೆ ಕೂತಿವೆ. ಹೀರೋ ಬಟ್ಟೆ ನೇತುಹಾಕುತ್ತಿದ್ದ ಕಂಬಿ ಹಿಂದಿನ ಗೋಡೆಯ ಉದ್ದಕ್ಕೂ ಇದೆ. ಥಾಲಿಗಳನ್ನೆಲ್ಲ ಅದಕ್ಕೆ ತೂಗುಹಾಕಿದ್ದೇವೆ, ನೋಡಲು ತೋರಣದ ಹಾಗಿದೆ.

ತೂಗಿಸಿದಿರಾ ಎಂದು ಕೇಳಬೇಡ. ಗಂಗೆಗೆ ತೂಕ ಹಾಕುವ ಪಾಪ ನನಗೆ ಬೇಡ. ಅದೂ ಅಲ್ಲದೆ ಒಂದು ಸೋಜಿಗ ಕೇಳು. ಬರುವಾಗ ಕೊಕ್ಕೆ ಹಾಕಲು ನಾನೂ ಅಭಿಯೂ ಸೇರಿ ಹೆಣಗಾಡಬೇಕಿತ್ತು. ಇವತ್ತು ಜಾಗ ಬದಲಾಯಿಸಲು ಅಭಿ ಗಾಡಿಯ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿದ! “ಅಪ್ಪಾ, ಹೂವು ಎತ್ತಿದ ಹಾಗಿದೆ” ಎಂದ. ಕುಗ್ಗಿ ಕೂರುತ್ತಿದ್ದ ಜೀಪಿನ ಹಿಂಭಾಗವೂ ನೆಟ್ಟಗೆ ಎದ್ದು ನಿಂತಿದೆ. ನೀನು ನಂಬುವುದಿಲ್ಲ, ಆದರೆ ತಾಯಿಯೇ ಎತ್ತಿ ಹಿಡಿದಿದ್ದಾಳೆ.

ಎರಡನೇ ತಾರೀಕು ಹೊರಡುತ್ತೇವೆ.

ಶೀನಣ್ಣ

3 ಫೆಬ್ರವರಿ 2024, ಬೆಳಿಗ್ಗೆ
(ಅಭಿರಾಮನ ಫೋನಿಗೆ ಕಳಿಸಿದ ಸಂದೇಶ)

ಅಭೀ, ನಾನು ಯಮುನತ್ತೆ. ಪಕ್ಕದ ಮನೆಯವರ ಫೋನಿನಿಂದ ಬರೆಸುತ್ತಿದ್ದೇನೆ. ನಿಮ್ಮಪ್ಪನ ಕಾಗದ ಈಗ ಕೈಗೆ ಬಂತು. ಎಲ್ಲಿದ್ದರೆ ಅಲ್ಲೇ ನಿಲ್ಲಿಸು. ಮೂತಿ ಹಗುರಾದದ್ದು ಗಂಗೆಯ ಮಹಿಮೆಯಲ್ಲ, ಭಾರವೆಲ್ಲ ಬಾಲಕ್ಕೆ ಬಿದ್ದಿದೆ. ಕ್ಯಾನುಗಳ ನೀರನ್ನು ಪೂರ್ತಿ ಚೆಲ್ಲು, ಪಾಪ ಬಂದರೆ ನನಗೆ ಬರಲಿ. ಒಳಗೆ ಯಾರೂ ಕೂರಬೇಡಿ. ಯಾರೂ. ಬಾಲ ಬೀಸಿದರೆ ಬ್ರೇಕ್ ಒತ್ತಬೇಡ, ಆಕ್ಸಿಲರೇಟರಿನಿಂದ ಕಾಲು ತೆಗೆದು ತಾನಾಗಿ ನಿಧಾನವಾಗಲು ಬಿಡು. ಕರೆ ಮಾಡಿದರೆ ನಿನ್ನ ಫೋನು ಆಫ್ ಎನ್ನುತ್ತಿದೆಯಂತೆ. ನೋಡಿದ ಕೂಡಲೇ ಇದೇ ನಂಬರಿಗೆ ಉತ್ತರ ಹಾಕು. ನಾನು ಇವರ ಮನೆಯಲ್ಲೇ ಕೂತಿರುತ್ತೇನೆ.

3 ಫೆಬ್ರವರಿ 2024
ದಾರಿಯಲ್ಲಿ

ಯಮುನಾ,

ಅಕ್ಷರ ಸೊಟ್ಟಗಿದ್ದರೆ ನಗಬೇಡ. ಓಡುವ ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ನಿನಗೆ ಸಂತೋಷದ ಸುದ್ದಿ. ನಿನ್ನ ಮಾತು ನಡೆಸಿಕೊಟ್ಟಿದ್ದೇನೆ. ಜೀಪಿನ ಚರ್ಮದ ಸೀಟಿನ ಮೇಲೆ ನನ್ನ ರೇಷ್ಮೆ ಪಂಚೆ ಹಾಸಿ, ಅದರ ಮೇಲೆ ದರ್ಭೆ ಚಾಪೆ ಹಾಕಿ, ನಿನ್ನ ಅತ್ತಿಗೆಯನ್ನು ಮಗನ ಪಕ್ಕದಲ್ಲಿ ಕೂರಿಸಿದ್ದೇನೆ. ಕಾಶಿಯಿಂದ ಇಲ್ಲಿಯವರೆಗೂ ಅಲ್ಲೇ ಕೂತಿದ್ದಾಳೆ. “ನಿಮ್ಮ ತಂಗಿ ಗೆದ್ಲು ಬಿಡಿ” ಎಂದಳು. ಸ್ವಲ್ಪ ನಕ್ಕಳು ಕೂಡ.

ಥಾಲಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ. ನಿನ್ನೆ ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದು ಜೀಪಿನವರೆಗೂ ಕೇಳುತ್ತಿತ್ತು. ನಿಲ್ಲಿಸಿ ನೋಡಿದರೆ ಎರಡು ನೆಲಕ್ಕೆ ಬಿದ್ದಿದ್ದವು. ಸುಂದರಮ್ಮ ಅಪಚಾರವಾಯಿತೆಂದು ಊಟ ಬಿಟ್ಟಳು. ಅದಕ್ಕೇ ಇವತ್ತು ನಾನು ಹಿಂದೆ ಬಂದು ಕ್ಯಾನುಗಳ ಪಕ್ಕದಲ್ಲಿ ಕೂತಿದ್ದೇನೆ. ಅತ್ತಿಗೆಯನ್ನು ಕೂರಿಸಬೇಡ ಎಂದೆ, ಕೂರಿಸಲಿಲ್ಲ. ನಾನಾದರೆ ಗಟ್ಟಿ ಪಿಂಡ.

ಜಬಲ್ಪುರದ ಬೋರ್ಡು ಈಗಷ್ಟೇ ಕಿಟಕಿಯಲ್ಲಿ ದಾಟಿಹೋಯಿತು. ಒಡಹುಟ್ಟಿದವಳ ಊರು, ಬಾಗಿಲಿಗೆ ಬಂದು ಮುಖ ತಿರುಗಿಸಿಕೊಂಡು ಹೋದ ಹಾಗೆ ಆಯಿತು. ನನ್ನ ಮನಸ್ಸಿಗೆ ತುಂಬಾ ನೋವಾಗುತ್ತಿದೆ ಕಣೇ. ರಾಮೇಶ್ವರ ಮುಗಿಯಲಿ, ರೈಲಿನಲ್ಲಿ ಒಬ್ಬನೇ ಬಂದು ಒಂದು ತಿಂಗಳು ನಿನ್ನ ಹತ್ತಿರ ಇರುತ್ತೇನೆ. ಮಾತಾಡಲು ಬಹಳ ಇದೆ, ನಿನಗೆ ಕೇಳದಿದ್ದರೂ ಚಿಂತೆಯಿಲ್ಲ.

ಅಭಿಯ ಫೋನಿನ ಚಾರ್ಜರ್ ಛತ್ರದಲ್ಲೇ ಉಳಿಯಿತು. ನಾಗಪುರದಲ್ಲಿ ಹೊಸದು ಕೊಂಡು ನಿನ್ನ ಪಕ್ಕದ ಮನೆಗೆ ಫೋನು ಮಾಡಿಸುತ್ತೇನೆ, ಈ ಕಾಗದವನ್ನೂ ಅಲ್ಲೇ ಡಬ್ಬಕ್ಕೆ ಹಾಕುತ್ತೇನೆ.

ಈಗ ಸಿವನಿಯಲ್ಲಿ ಕಾಫಿಗೆ ನಿಲ್ಲಿಸಿ ಮತ್ತೆ ಹೊರಟಿದ್ದೇವೆ. ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದರೆ ಗಾಡಿ ಅವುಗಳ ಕಡೆಗೇ ಸೆಳೆಯುತ್ತದೆ. “ಅಪ್ಪಾ, ಹಿಂದೆ ಏನೋ ಎಳ್ದಾಡಿದ ಹಾಗಾಗ್ತಿದೆ, ನೀವು ಮುಂದೆ ಬಂದ್ಬಿಡಿ” ಎಂದ ಅಭಿ, ಕಾಫಿ ಕುಡಿಯುವಾಗ. ಇಳಿಜಾರು ದಾಟಿದ ಮೇಲೆ ಬರುತ್ತೇನೆ ಎಂದೆ. ಇಳಿಜಾರು ಇಲ್ಲಿಂದಲೇ ಶುರುವಾಯಿತು ಅನ್ನಿಸುತ್ತದೆ. ಥಾಲಿಗಳು ಎಡಕ್ಕೂ ಬಲಕ್ಕೂ ಜೋರಾಗಿ ಆಡುತ್ತಿವೆ. ತಾಳು, ಅವನ್ನು ಹಿಡಿದುಕೊಳ್ಳುತ್ತೇನೆ, ಆಮೇಲೆ ಬರೆಯುತ್ತೇನೆ.

ಬಸವನಗುಡಿ
12 ಮಾರ್ಚ್ 2024

ಯಮುನಾ,

ನಿನಗೆ ನಾನು ಬರೆಯುತ್ತಿರುವ ಮೊದಲನೆಯ ಕಾಗದ ಇದು. ಇದರ ಜೊತೆ ಇಟ್ಟಿರುವುದು ನಿಮ್ಮಣ್ಣ ನಿನಗೆ ಬರೆಯುತ್ತಿದ್ದದ್ದು. ಅವರ ಜೇಬಿನಲ್ಲಿ ಇರಲಿಲ್ಲ, ಗಾಡಿಯ ಚೂರುಗಳ ನಡುವೆ ಅಭಿಗೆ ಸಿಕ್ಕಿತು. ಹದಿಮೂರನೆಯ ದಿನಕ್ಕೆ ನೀನು ಬಂದಾಗಲೇ ಕೊಡಬಹುದಿತ್ತು, ಕೊಡಲಿಲ್ಲ. ನೀನು ನನ್ನ ಪಕ್ಕದಲ್ಲೇ ಕೂತಿದ್ದೆ.

ನಿನ್ನ ಮೇಲೆ ಕೋಪವಿಲ್ಲ ಎಂದರೆ ಸುಳ್ಳು. ನೀನು ಬರೆಯದಿದ್ದರೆ ಆ ಮಂಚದ ಮೇಲೆ ನಾನಿರುತ್ತಿದ್ದೆ. ಮುತ್ತೈದೆಯಾಗಿ ಹೋಗುತ್ತಿದ್ದೆ. ನನ್ನ ಮೇಲೆ ಇರುವ ಕೋಪ ಅದಕ್ಕಿಂತ ದೊಡ್ಡದು. ಗಂಗೆ ನೆಲಕ್ಕೆ ತಾಗಬಾರದು ಎಂದವಳು ನಾನು, ನಿನ್ನ ಮನೆಗೆ ಹೋಗಬಾರದು ಎಂದವಳೂ ನಾನೇ.

ಇಳಿಜಾರಿನಲ್ಲಿ ಗಾಡಿ ಆ ಕಡೆ ಈ ಕಡೆ ಬೀಸತೊಡಗಿತು. ಅಭಿ ಹೆದರಿ ಬ್ರೇಕ್ ಒತ್ತಿದ. ನಿನ್ನ ಸಂದೇಶ ಅವನು ಓದಿದ್ದು ಆಸ್ಪತ್ರೆಯಲ್ಲಿ, ಯಾರದೋ ಚಾರ್ಜರ್ ಹಾಕಿದ ಮೇಲೆ. ಅಂದಿನಿಂದ ಅವನು ಸರಿಯಾಗಿ ಮಾತಾಡುತ್ತಿಲ್ಲ. ನೀನು ಅವನಿಗೊಂದು ಕಾಗದ ಬರೆ, ತಪ್ಪು ಅವನದಲ್ಲ ಎಂದು ಬರೆ. ನಾನು ಹೇಳಿದರೆ ಅವನು ನಂಬುವುದಿಲ್ಲ.

ಕೊಕ್ಕೆ ಕಿತ್ತುಕೊಂಡು ಗಾಡಿ ಪಕ್ಕದ ಹಳ್ಳಕ್ಕೆ ಉರುಳಿತು. ನಾನು ಇಳಿದು ಓಡಿದೆ. ಇವರಿಗೆ ಪ್ರಜ್ಞೆ ಇತ್ತು. ಎದೆಯ ಮೇಲೆ ಏನೋ ಬಿದ್ದು ಉಸಿರಾಡಲು ಕಷ್ಟವಾಗುತ್ತಿತ್ತು. ನನ್ನನ್ನು ನೋಡಿ, “ಬಾಯಿಗೆ ಗಂಗೆ ಬಿಡೇ” ಎಂದರು. ಅವರಿಗೇ ಗೊತ್ತಾಗಿತ್ತು.

ಯಮುನಾ, ಕ್ಯಾನುಗಳೆಲ್ಲ ಒಡೆದು ನೀರು ಮಣ್ಣು ಸೇರಿತ್ತು. ಥಾಲಿಗಳು ಮಾತ್ರ ಸುತ್ತಲೂ ಬಿದ್ದಿದ್ದವು, ಒಂದೂ ಒಡೆದಿರಲಿಲ್ಲ. ನೂರು ಥಾಲಿ ಗಂಗೆ ನನ್ನ ಸುತ್ತ ಇತ್ತು. ಎಲ್ಲದರ ಬಾಯಿಗೂ ಬೆಸುಗೆ. ಕಲ್ಲಿನಿಂದ ಜಜ್ಜಿದೆ, ಹಲ್ಲಿನಿಂದ ಕಚ್ಚಿದೆ, ಬಾಯೆಲ್ಲ ರಕ್ತವಾಯಿತು. ಬಿಚ್ಚಲಿಲ್ಲ. ಅಷ್ಟರಲ್ಲಿ ಒಬ್ಬ ಲಾರಿಯವನು ಓಡಿಬಂದು ತಾನು ಕುಡಿಯುತ್ತಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ನನ್ನ ಕೈಗಿತ್ತ.

ಇಲ್ಲಿ ಬಂದವರೆಲ್ಲ, “ಕಾಶಿ ನೋಡ್ಕೊಂಡು, ಗಂಗೆ ಕುಡಿದು ಹೋದ್ರು, ಪುಣ್ಯವಂತರು” ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಅಭಿಗೂ ಹೇಳಿಲ್ಲ. ನೀನು ಅವರ ಒಡಹುಟ್ಟಿದವಳು, ನಿನಗೆ ಮಾತ್ರ ಬರೆಯುತ್ತಿದ್ದೇನೆ. ಆ ಬಾಟಲಿಯ ನೀರನ್ನೇ ಅವರ ಬಾಯಿಗೆ ಬಿಟ್ಟೆ. “ಗಂಗೆ ಕಣ್ರೀ, ಕುಡೀರಿ” ಎಂದೆ. ನನ್ನ ಮಾತು ನಂಬಿ ಕುಡಿದರು.

ಸುಂದರಮ್ಮ